ಒಣಗಲು ಹಾಕಿದ ಬಾಗಿಲುಗಳು

ಮನೆ, ಹಿಂದಿನ ಕೋಣೆ
ಭಾನುವಾರ, ಊಟದ ನಂತರ

ಪ್ರೀತಿಯ ಪುಟ್ಟೀ,

ಹೇಗಿದ್ದೀಯ? ಕೆಮ್ಮು ಕಡಿಮೆಯಾಯಿತೇ? ಸ್ಟುಡಿಯೊದ ನೆಲದ ಮೇಲೆ ಚಾಪೆ ಹಾಸಿಕೊಂಡು ಮಲಗುತ್ತೀಯಂತೆ, ನೆನಪಾದಾಗ ಮಾತ್ರ ಊಟ ಮಾಡುತ್ತೀಯಂತೆ. ನಿಮ್ಮ ಹಳೆಯ ಬ್ಯಾಂಡಿನ ಡ್ರಮ್ಮರ್ ಬಂದು ಎಲ್ಲ ವರದಿ ಒಪ್ಪಿಸಿದ್ದಾನೆ. ಅವನ ಮೇಲೆ ಸಿಟ್ಟಾಗಬೇಡ. ನಿಮ್ಮಮ್ಮನ ಎದುರು ಕೂತರೆ ಎಂಥವನೂ ಬಾಯಿಬಿಡುತ್ತಾನೆ. ಇಲ್ಲಿ ನಾವು ಚೆನ್ನಾಗಿದ್ದೇವೆ. ಅವಳಿಗೆ ಮೆಟ್ಟಿಲು ಹತ್ತುವಾಗ ಮಂಡಿನೋವು, ಇಳಿಯುವಾಗ ನನ್ನ ಮೇಲೆ ಸಿಟ್ಟು. ನಾನು ಗುಂಡುಕಲ್ಲಿನಂತಿದ್ದೇನೆ. ಪ್ರೆಸ್ಸಿನ ಕೆಲಸ ಬಿಟ್ಟ ಮೇಲೆ ಉಗುರಿನ ಸಂದಿಯ ಇಂಕು ಕೂಡ ಹೋಗಿದೆ. ಬೆಳಿಗ್ಗೆ ಕಾಫಿ ಲೋಟ ಹಿಡಿದಾಗ ಇದು ಯಾರ ಕೈ ಎಂದು ಒಂದು ಗಳಿಗೆ ನೋಡುತ್ತೇನೆ. ಕೆಲಸ ಮುಗಿಯುವವರೆಗೆ ನೀನು ಫೋನ್ ಆಫ್ ಮಾಡಿಟ್ಟಿದ್ದೀಯಲ್ಲ, ಅದಕ್ಕೇ ಈ ಕಾಗದ. ನಿನ್ನ ಬೇಸ್ ಗಿಟಾರಿನ ಹಳೆಯ ಸ್ಪೀಕರ್ ಪೆಟ್ಟಿಗೆ ಒಯ್ಯಲು ಡ್ರಮ್ಮರ್ ಸಂಜೆ ವ್ಯಾನ್ ತರುತ್ತಾನೆ. ಅವನ ಕೈಯಲ್ಲೇ ಇದನ್ನೂ ಕಳಿಸುತ್ತೇನೆ.

ಆವತ್ತು ಫೋನಿನಲ್ಲಿ ನಾನು ಆಡಿದ ಮಾತು ನಿನಗೆ ನಾಟಿದೆ ಎಂದು ಗೊತ್ತು. ಬ್ಯಾಂಡು ಒಡೆದ ಮೇಲೆ ನೀನು ಒಬ್ಬಳೇ ಕೂತು ಮಾಡಿದ ಮೊದಲ ಆಲ್ಬಮ್. "ಇನ್ನೂ ಯಾರಿಗೂ ಕೇಳಿಸಿಲ್ಲ ಅಪ್ಪಾ, ಮುಲಾಜಿಲ್ಲದೆ ಹೇಳು" ಎಂದು ನೀನೇ ಕಳಿಸಿದೆ. ನಾನೂ ಮುಲಾಜು ನೋಡಲಿಲ್ಲ. ಎರಡನೆಯ ಬದಿಯ ಉದ್ದನೆಯ ಹಾಡನ್ನು ಹೆಡ್‌ಫೋನಿನಲ್ಲಿ ಕೇಳಿದರೆ ನಡುವೆ ನಿನ್ನ ಗಿಟಾರಿದೆ, ಬಲಗಡೆ ವಯಲಿನ್ ಇದೆ, ಎಡಗಡೆ ಪೂರ್ತಿ ಖಾಲಿ ಎಂದು ಹೇಳಿಬಿಟ್ಟೆ. "ಅಲ್ಲೂ ಸ್ವಲ್ಪ ಇದೆ ಅಪ್ಪಾ, ಕೇಳಿಸ್ಲಿಲ್ವಾ?" ಎಂದು ನೀನು ಮೆಲ್ಲಗೆ ಕೇಳಿದೆ. "ಇದ್ದಿದ್ರೆ ಕೇಳಿಸ್ತಿತ್ತು" ಎಂದೆ ನಾನು. ನೀನು "ಸರಿ, ಅಲ್ಲಿ ಆರ್ಗನ್ ಬಾರಿಸಿ ತುಂಬಿಸ್ತೀನಿ" ಎಂದು ಹೇಳಿ ಫೋನ್ ಇಟ್ಟೆ. ಈ ವಾರವೇ ರೆಕಾರ್ಡು ಅಚ್ಚಿಗೆ ಹೋಗುತ್ತದೆ. ಅಚ್ಚಾದದ್ದನ್ನು ತಿದ್ದಲಿಕ್ಕಾಗುವುದಿಲ್ಲ ಎನ್ನುವುದು ಪ್ರೆಸ್ಸಿನಲ್ಲಿ ಕೂದಲು ನರೆಸಿಕೊಂಡ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಅದಕ್ಕೇ ನಿಷ್ಠುರವಾಗಿ ಹೇಳಿದೆ ಎಂದು ತಿಳಿದುಕೋ.

ನಮ್ಮ ಮನೆಯಲ್ಲಿ ಯಾವ ಆಲ್ಬಮ್ಮಿಗೂ ಅದರ ಸ್ವಂತ ಹೆಸರು ಉಳಿಯಲಿಲ್ಲ, ನೆನಪಿದೆಯೇ? ಆಗ ನಿನಗಿನ್ನೂ ಓದಲು ಬರುತ್ತಿರಲಿಲ್ಲ, ಕವರಿನ ಚಿತ್ರ ನೋಡಿ ತೆಗೆದು ತರುತ್ತಿದ್ದೆ. ಚಹಾ ಬಟ್ಟಲಿನಲ್ಲಿ ಮಲಗಿದ ತಿಮಿಂಗಿಲ, ಮೂಗಿಲ್ಲದ ರಾಜ, ಮೋಡ ಇಸ್ತ್ರಿ ಮಾಡುವ ಹೆಂಗಸು. ಇವತ್ತಿಗೂ ಮೂಲ ಹೆಸರು ಹೇಳಿದರೆ ನನಗೆ ಯಾವುದೆಂದು ಹೊಳೆಯುವುದಿಲ್ಲ. ರಜೆಯ ಮಧ್ಯಾಹ್ನ ಪರದೆ ಎಳೆದು ಹಾಸಿಗೆಯ ಮೇಲೆ ಬಿದ್ದುಕೊಂಡರೆ ಪ್ರೋಗ್ರೆಸಿವ್ ರಾಕ್ ಎಂಬ ಆ ಉದ್ದುದ್ದ ಹಾಡುಗಳ ಮಹಾಸಮುದ್ರ ಶುರುವಾಗುತ್ತಿತ್ತು. ಹಾಡು ಎಲ್ಲಿ ಮುಗಿಯಿತು, ನಿದ್ದೆ ಎಲ್ಲಿ ಹತ್ತಿತು, ಇಬ್ಬರಿಗೂ ತಿಳಿಯುತ್ತಿರಲಿಲ್ಲ. ನಿಮ್ಮಮ್ಮ ಬಾಗಿಲಲ್ಲಿ ನಿಂತು, "ಕಾಲು ಗಂಟೆ ಆಯ್ತು, ಇನ್ನೂ ಯಾರೂ ಬಾಯೇ ಬಿಟ್ಟಿಲ್ಲ. ಹಾಡೋರು ಬಸ್ ತಪ್ಪಿಸ್ಕೊಂಡ್ರಾ?" ಎನ್ನುತ್ತಿದ್ದಳು. ನೀನು ನನ್ನ ಪ್ರೆಸ್ಸಿನ ಭೂತಗಾಜು ಹಿಡಿದು ಕವರಿನ ಕಡಲನ್ನು ನೋಡುತ್ತಿದ್ದೆ. ಗಾಜಿನ ಕೆಳಗೆ ಕಡಲಿರಲಿಲ್ಲ, ಅಚ್ಚಿನ ನಾಲ್ಕು ಬಣ್ಣದ ಚುಕ್ಕೆಗಳಷ್ಟೇ ಇದ್ದವು. ನಿನಗೆ ನಿರಾಸೆಯಾಗುತ್ತದೆಂದು ನಾನು ಹೆದರಿದ್ದೆ; ನೀನು ಚುಕ್ಕೆಗಳ ನಡುವಿನ ಬಿಳಿ ಜಾಗದಲ್ಲಿ ಮೀನು ಹುಡುಕಲು ಶುರು ಮಾಡಿದೆ.

ಸೋಲೊ ಆಲ್ಬಮ್ಮುಗಳ ಬಗ್ಗೆ ನನ್ನದೊಂದು ಸಿದ್ಧಾಂತ ಇದೆ, ನೀನು ಕೇಳಿ ಕೇಳಿ ಬೇಸತ್ತದ್ದೇ. ಬ್ಯಾಂಡಿನಲ್ಲಿದ್ದಾಗ ಕೀಬೋರ್ಡಿನವನನ್ನು ಡ್ರಮ್ಮರ್ ಗದರಿಸಿ ಹದ್ದುಬಸ್ತಿನಲ್ಲಿ ಇಟ್ಟಿರುತ್ತಾನೆ. ಒಬ್ಬನೇ ಆದ ಕೂಡಲೇ ಅವನು ಅರಮನೆ ಕಟ್ಟಲು ಹೊರಡುತ್ತಾನೆ. ಎಪ್ಪತ್ತು ಕಂಬ ಇರುತ್ತವೆ, ಬಚ್ಚಲುಮನೆ ಇರುವುದಿಲ್ಲ. ಹಾಡುಗಾರನ ಸೋಲೊ ಕವರಿನ ಮೇಲೆ ಅವನದೇ ಮುಖ, ಹಿಂದೆಯೂ ಅವನೇ, ಒಳಗೂ ಅವನೇ. ಡ್ರಮ್ಮರುಗಳ ಸೋಲೊ ಮಾತ್ರ ನನಗಿಷ್ಟ, ಯಾಕೆಂದರೆ ಅದರಲ್ಲಿ ಅವರು ಡ್ರಮ್ ಬಾರಿಸುವುದೇ ಇಲ್ಲ, ನಾಚಿಕೊಂಡು ಪಿಯಾನೊ ಕಲಿಯುತ್ತಿರುತ್ತಾರೆ. ಆದರೆ ಎಲ್ಲರ ಸೋಲೊದಲ್ಲೂ ಒಂದು ವಿಚಿತ್ರ ಕಾಣುತ್ತದೆ: ಜೊತೆಯವರು ಈಗ ಬಂದಾರು ಎನ್ನುವ ಹಾಗೆ ಒಂದು ಜಾಗ ಬಿಟ್ಟಿರುತ್ತಾರೆ, ಯಾರೂ ಬರುವುದಿಲ್ಲ. ನಿನ್ನ ಎಡಗಡೆ ಕೇಳಿದಾಗ ನನಗೆ ಹಾಗೇ ಅನ್ನಿಸಿ ಸಂಕಟವಾಯಿತು. ನನ್ನ ಮಗಳು ಅಲ್ಲಿ ಯಾರಿಗೋ ಕಾಯುತ್ತಾ ಕೂತಿದ್ದಾಳೆ ಅನ್ನಿಸಿತು. ಆ ಸಂಕಟವನ್ನೇ ವಿಮರ್ಶೆ ಮಾಡಿ ಹೇಳಿದೆನೋ ಏನೋ.

ಇಷ್ಟಾದರೂ ಆ ಹಾಡನ್ನು ದಿನವೂ ಕೇಳುತ್ತಿದ್ದೇನೆ. ನಿನ್ನೆ ಅದರ ನಡುವೆ ಕಣ್ಣು ಹತ್ತಿತು. ಕನಸಿನಲ್ಲಿ ನಮ್ಮ ಪ್ರೆಸ್ಸಿನ ಉದ್ದ ಹಾಲಿನಲ್ಲಿ ನಡೆಯುತ್ತಿದ್ದೆ. ಮೆಷಿನ್ನುಗಳೆಲ್ಲ ನಿಂತಿದ್ದವು, ಕಾಗದದ ಹಾಳೆಗಳು ಮಾತ್ರ ತಾವೇ ಒಂದೊಂದಾಗಿ ಎದ್ದು ಕಿಟಕಿಯಿಂದ ಆಚೆ ಹೋಗುತ್ತಿದ್ದವು. ಅವುಗಳ ಮೇಲೆ ಏನು ಅಚ್ಚಾಗಿದೆ ಎಂದು ನೋಡಲು ಹೋದರೆ ಎಚ್ಚರವಾಯಿತು. ಕಣ್ಣು ಒದ್ದೆಯಾಗಿತ್ತು, ಯಾಕೆಂದು ನನ್ನನ್ನು ಕೇಳಬೇಡ. ಇನ್ನು ಕವರಿನ ವಿಷಯ. ರಾತ್ರಿಯ ಆಕಾಶದಲ್ಲಿ ಬಟ್ಟೆ ಒಣಗಿಸುವ ಹಗ್ಗ ಕಟ್ಟಿ, ಕ್ಲಿಪ್ಪು ಹಾಕಿ, ಬಾಗಿಲುಗಳನ್ನು ಒಣಗಲು ಹಾಕಿರುವ ನಿನ್ನ ಚಿತ್ರಕ್ಕೆ ನನ್ನ ಪೂರ್ಣ ಒಪ್ಪಿಗೆ ಇದೆ. ನೀಲಿಗೆ ಸ್ವಲ್ಪ ಕಪ್ಪು ಬೆರೆಸಲು ಹೇಳು, ಇಲ್ಲದಿದ್ದರೆ ಆಕಾಶ ಶಾಲೆಯ ಯೂನಿಫಾರಮ್ಮಿನಂತೆ ಬರುತ್ತದೆ. ಕವರ್ ಬಿಡಿಸಿದಾಗ ಒಳಗಿನ ಎಡ ಪುಟದಲ್ಲಿ ಬರೀ ಹಗ್ಗ ಇದೆಯಲ್ಲ, ಅಲ್ಲಿ ಏನನ್ನೂ ಸೇರಿಸಬೇಡ. ಚಿತ್ರದಲ್ಲಿ ಖಾಲಿ ಇದ್ದರೆ ಕಣ್ಣು ಹೋಗಿ ಕೂತುಕೊಳ್ಳುತ್ತದೆ. ಕಿವಿಗೆ ಆ ತಾಳ್ಮೆ ಇಲ್ಲ. ಆದ್ದರಿಂದ ಹಾಡಿನ ಎಡಗಡೆಗೆ ಆರ್ಗನ್ ಹಾಕುವುದೇ ಸರಿ ಎಂಬುದು ನನ್ನ ಅಭಿಪ್ರಾಯ. ಇಷ್ಟು ವರ್ಷ ಕೇಳಿ ಪಳಗಿದ ಕಿವಿ ಇದು, ಇದರ ಮಾತು ನಂಬು.

ನೀನು ಈ ಸಂಗೀತದ ಹಿಂದೆ ಬಿದ್ದದ್ದಕ್ಕೆ ನಾನೇ ಕಾರಣ ಎಂದು ನಿಮ್ಮಮ್ಮ ಆಗಾಗ ಕುಟುಕುತ್ತಾಳೆ. ಹೌದು ಎಂದು ಒಳಗೊಳಗೇ ಹಿಗ್ಗುತ್ತೇನೆ. ನಿನ್ನ ಬೆರಳು ಗಟ್ಟಿಯಾಗಿರಲಿ, ಹೊತ್ತಿಗೆ ಸರಿಯಾಗಿ ಹಸಿವಾಗಲಿ, ಮಾಡಿದ್ದು ನಿನ್ನ ಮನಸ್ಸಿಗೆ ಒಪ್ಪಲಿ. ನಿಮ್ಮಮ್ಮನ ಆಶೀರ್ವಾದವೂ ಇದರಲ್ಲೇ ಇದೆ, ಜೊತೆಗೆ ಒಂದು ಸ್ವೆಟರ್.

ಇಂತಿ,
ನಿನ್ನ ಅಪ್ಪ

ಮರೆತ ಮಾತು, ಅಲ್ಲ, ಈಗಷ್ಟೇ ಗೊತ್ತಾದ ಮಾತು: ವ್ಯಾನ್ ಕೆಳಗೆ ಬಂದು ನಿಂತಿದೆ, ಹಾರ್ನ್ ಹೊಡೆಯುತ್ತಿದ್ದಾನೆ, ಅಕ್ಷರ ಸೊಟ್ಟಗಾದರೆ ಸಹಿಸಿಕೋ. ನಾನು ಲಕೋಟೆ ಹುಡುಕುತ್ತಿದ್ದಾಗ ನಿಮ್ಮಮ್ಮ ಹಾಸಿಗೆ ಸರಿಮಾಡಲು ಬಂದು, ನಿನ್ನ ಹಾಡು ಓಡುತ್ತಿದ್ದ ಹೆಡ್‌ಫೋನನ್ನು ಸುಮ್ಮನೆ ಕಿವಿಗೆ ಹಾಕಿಕೊಂಡಳು. ಅಲ್ಲೇ ಕೂತುಬಿಟ್ಟಳು. "ಏನ್ರೀ, ಈ ಎಡಗಡೆ ಗಂಟೆ ಬಾರಿಸ್ತಿರೋದು ನಮ್ಮ ಪುಟ್ಟೀನಾ? ಎಷ್ಟು ಸಣ್ಣಗೆ ಬಾರಿಸ್ತಾಳೆ" ಎಂದಳು. ಗಂಟೆ ಎಲ್ಲಿದೆ ಎಂದು ನಾನು ಕಸಿದು ಹಾಕಿಕೊಂಡೆ. ಏನೂ ಇಲ್ಲ. ಅವಳು ನನ್ನನ್ನೇ ನೋಡಿ, ಹೆಡ್‌ಫೋನ್ ತೆಗೆದು, ಎಡಬಲ ಅದಲುಬದಲು ಮಾಡಿ ನನ್ನ ತಲೆಗೆ ಹಾಕಿದಳು. ಗಂಟೆಗಳು ಬಂದವು ಪುಟ್ಟೀ, ಬಲಗಿವಿಗೆ. ಸಣ್ಣಸಣ್ಣವು, ಎಷ್ಟೊಂದು. ಪ್ರೆಸ್ಸಿನಲ್ಲಿ ಸದಾ ಮೆಷಿನ್ನಿನ ಕಡೆಗಿದ್ದ ನನ್ನ ಎಡಗಿವಿ ಸಣ್ಣ ಸದ್ದುಗಳನ್ನು ಯಾವಾಗ ಬಿಟ್ಟಿತೋ ನನಗೆ ಗೊತ್ತೇ ಆಗಿಲ್ಲ. ನಂಬಿಕೆ ಬಾರದೆ ನಮ್ಮ ತಿಮಿಂಗಿಲದ ರೆಕಾರ್ಡು ಹಾಕಿದೆ. ಅದರ ಎಡಗಡೆಯ ಕೊಳಲು ಎಂದಿನಂತೆ ಎಡಗಿವಿಗೇ ಕೇಳಿಸುತ್ತಿದೆ. ಹೆಡ್‌ಫೋನಿನ ಬಲಗಡೆಯ ತಂತಿ ಕಿತ್ತರೂ ಕೇಳಿಸುತ್ತಿದೆ, ಎಡಗಡೆಯದು ಕಿತ್ತರೂ ಕೇಳಿಸುತ್ತಿದೆ. ಹಳೆಯ ರೆಕಾರ್ಡುಗಳನ್ನು ಇಷ್ಟು ದಿನ ನೆನಪಿನಲ್ಲೇ ಕೇಳುತ್ತಿದ್ದೆ ಅಂತ ಕಾಣುತ್ತದೆ. ನಿನ್ನದೊಂದೇ ಹೊಸದು, ಅದನ್ನು ಕಿವಿಯಿಂದಲೇ ಕೇಳಬೇಕಿತ್ತು. ನಾಳೆ ಕಿವಿ ಡಾಕ್ಟರ ಹತ್ತಿರ ಹೋಗುತ್ತೇವೆ, ಅದಕ್ಕಾಗಿ ಕೆಲಸ ಬಿಟ್ಟು ಓಡಿಬರಬೇಡ. ಮೇಲೆ ಬರೆದದ್ದನ್ನು ಹರಿದುಹಾಕಲು ಸಮಯವಿಲ್ಲ, ನಂಬಬೇಡ. ಆರ್ಗನ್ ಹಾಕಬೇಡ. ಅಪ್ಪ ಹೇಳಿದರೆಂದು ಹಾಕಿಬಿಟ್ಟಿದ್ದರೆ ಅಪ್ಪ ಹೇಳಿದರೆಂದೇ ತೆಗೆದುಬಿಡು. ನಿನ್ನ ಹಾಡನ್ನು ಇವತ್ತು ಮೊದಲ ಸಲ ಪೂರ್ತಿ ಕೇಳಿದೆ. ತುಂಬಾ ಚೆನ್ನಾಗಿ ಬಾರಿಸಿದ್ದೀಯ.