ಕಾಶವ್ವ ದೀರ್ಘ ಹಾಕಿರಲಿಲ್ಲ

ಗುಡ್ಡದೂರು, ಮೇಲಿನ ಓಣಿ
ಜೂನ್ ೩೧, ಇಸವಿ ೨೧೮೭, ಮಧ್ಯಾಹ್ನ

ಸಾವಂತ್ರೆವ್ವ ಆಯಿಗೆ, ಫಕೀರವ್ವನ ಶರಣು.

ತಾರೀಖು ನೋಡಿ ಇವಳಿಗೆ ಎಣಿಕೆ ಬರುವುದಿಲ್ಲ ಎಂದುಕೊಳ್ಳಬೇಡಿ. ನಿಮ್ಮ ಕಾಲದ ಜೂನ್ ತಿಂಗಳಿಗೆ ಮೂವತ್ತೇ ದಿನ ಎಂದು ನನಗೆ ಗೊತ್ತು. ನಮ್ಮ ಹಿರಿಯರು ಜುಲೈಯಿಂದ ಒಂದು ದಿನ ತೆಗೆದು ವರ್ಷದ ನಡುವೆ ಇಟ್ಟರು. ಆ ದಿನ ಯಾರೂ ಕೆಲಸ ಮಾಡುವಂತಿಲ್ಲ. ವರ್ಷದ ಮೊದಲ ದಿನ ಏನು ಮಾಡಬೇಕೆಂದುಕೊಂಡಿದ್ದೆವೋ ಅದನ್ನು ಮತ್ತೆ ಓದಿ ಉಳಿಸಬೇಕು, ಅಳಿಸಬೇಕು, ಇಲ್ಲವೇ ಬದಲಿಸಬೇಕು. ಇದಕ್ಕೆ ನಾವು ನಡುಗೆರೆ ಎನ್ನುತ್ತೇವೆ. ಇವತ್ತು ಆ ದಿನ. ನನ್ನ ಮಾತುಗಳು ನಿಮಗೆ ವಿಚಿತ್ರ ಅನ್ನಿಸಿದರೆ ಕ್ಷಮಿಸಿ. ನಾನು ಏಳನೇ ತರಗತಿಯವರೆಗೆ ಓದಿದವಳು. ದಿನಕ್ಕೊಂದು ಪುಟ ಬರೆಯುವ ರೂಢಿ ಇದೆ, ಕಾಗದ ಬರೆದು ರೂಢಿ ಇಲ್ಲ.

ನೀವು ನನ್ನ ಮುತ್ತಜ್ಜಿಯ ಮುತ್ತಜ್ಜಿ. ೨೦೨೦ರ ನಿಮ್ಮ ದಿನಚರಿ ತಗಡಿನ ಡಬ್ಬಿಯೊಳಗೆ ಕೈಯಿಂದ ಕೈಗೆ ಬಂದು ಈಗ ನನ್ನ ಬಳಿ ಇದೆ. ಮೇಲೆ ಗೊಬ್ಬರದಂಗಡಿಯ ಹೆಸರು, ಒಳಗೆ ನಿಮ್ಮ ದುಂಡು ಅಕ್ಷರ. ಜನವರಿ ಒಂದರ ಪುಟದಲ್ಲಿ ಮೂರು ಮಾತು ಬರೆದಿದ್ದೀರಿ. ಸ್ಕೂಟಿ ಕಲಿಯುವುದು. ಹತ್ತನೇ ತರಗತಿಯ ಪರೀಕ್ಷೆ ಕಟ್ಟುವುದು. ಬೆಳಗಾವಿಗೆ ಒಬ್ಬಳೇ ಬಸ್ಸಿನಲ್ಲಿ ಹೋಗಿ ಬರುವುದು. ಮಾರ್ಚ್ ಕೊನೆಯಿಂದ ಎಲ್ಲರೂ ಮನೆಯಲ್ಲೇ. ಜೂನ್ ಮೂವತ್ತರ ಪುಟದಲ್ಲಿ ಆ ಮೂರನ್ನೂ ಮತ್ತೆ ಬರೆದು, ಮೂರರ ಮೇಲೂ ಒಂದೇ ಗೀಟು ಎಳೆದು, ಕೆಳಗೆ 'ಎಲ್ಲಾ ಬರಬಾದಾತು' ಎಂದಿದ್ದೀರಿ. ಮುಂದಿನ ಹಾಳೆಗಳೆಲ್ಲ ಖಾಲಿ. ನಾನು ಆ ಖಾಲಿ ಹಾಳೆಗಳಲ್ಲೇ ಇದನ್ನು ಬರೆಯುತ್ತಿದ್ದೇನೆ. ನಿಮ್ಮ ಅಪ್ಪಣೆ ಕೇಳುವ ದಾರಿ ನನಗೆ ತಿಳಿಯಲಿಲ್ಲ.

ನಮಗೂ ಈ ವರ್ಷ ಅಂಥದ್ದೇ. ಇದಕ್ಕೆ ಕುಂತ ವರ್ಷ ಎನ್ನುತ್ತೇವೆ, ಎದ್ದು ನಡೆಯಬೇಕಾದ ವರ್ಷ ಕುಂತುಬಿಟ್ಟಿತು ಎಂದು. ಆರೇಳು ವರ್ಷಕ್ಕೊಮ್ಮೆ ಬಡಗಣದಿಂದ ಕೆಂಗಾಳಿ ಬರುತ್ತದೆ. ಅದರ ಧೂಳು ಹಿಟ್ಟಿಗಿಂತ ಸಣ್ಣದು, ಎದೆಗೆ ಹೋದರೆ ಹೊರಗೆ ಬರುವುದಿಲ್ಲ. ಗಾಳಿ ಬಂದ ದಿನ ಊರಬಾಗಿಲು ಮುಚ್ಚುತ್ತಾರೆ, ಅದು ತಣ್ಣಗಾಗುವವರೆಗೆ ಯಾರೂ ಗುಡ್ಡ ಇಳಿಯುವಂತಿಲ್ಲ. ಬಾಗಿಲು ಕಿಟಕಿಗಳಿಗೆಲ್ಲ ಹಳೆಯ ಸೀರೆ ತೊಯ್ಸಿ ಕಟ್ಟುತ್ತೇವೆ. ಬೆಳಿಗ್ಗೆ ಕಟ್ಟಿದ ಹಸಿರು ಸೀರೆ ಊಟದ ಹೊತ್ತಿಗೆ ಇಟ್ಟಂಗಿ ಬಣ್ಣ. ಅದನ್ನು ಬಿಚ್ಚಿ ಹಿಂಡಿ ಇನ್ನೊಂದು ಕಟ್ಟುವುದೇ ದಿನದ ದೊಡ್ಡ ಕೆಲಸ. ರೊಟ್ಟಿಯನ್ನು ನಸುಕಿನಲ್ಲೇ ಬಡಿದು ಮುಗಿಸಬೇಕು, ತಡವಾದರೆ ಹಲ್ಲಿನಲ್ಲಿ ಮಣ್ಣು ಕರಕರ ಎನ್ನುತ್ತದೆ. ಮನೆಯಿಂದ ಮನೆಗೆ, ಊರಬಾಗಿಲ ಕಾವಲಿನವರೆಗೂ ಮಣ್ಣಿನ ಕೊಳವೆ ಹಾಕಿದ್ದೇವೆ, ಕೂಗುಕೊಳವೆ ಎನ್ನುತ್ತೇವೆ. ಅದಕ್ಕೆ ಬಾಯಿ ಇಟ್ಟು ಮಾತಾಡಿದರೆ ಆಚೆ ಮನೆಗೆ ಕೇಳುತ್ತದೆ. ಬೇಡದ ಮಾತೂ ಕೇಳುತ್ತದೆ, ಅದು ಬೇರೆ.

ಈ ಸಲ ಗಾಳಿ ಬಂದದ್ದು ಫೆಬ್ರವರಿ ಎರಡನೇ ವಾರ. ನಾವು ಮನೆಯಲ್ಲಿ ಆಗ ನಾಲ್ವರು. ನಾನು, ನನ್ನ ತಂಗಿ ಕಾಶವ್ವ, ಅವಳ ಗಂಡ ದ್ಯಾಮಪ್ಪ, ದ್ಯಾಮಪ್ಪನ ತಾಯಿ ನಿಂಗವ್ವ. ನಿಂಗವ್ವ ನಮಗೆ ಸೋದರತ್ತೆಯೂ ಹೌದು. ನಾನು ಮದುವೆಯಾಗಲಿಲ್ಲ, ತಂಗಿಯ ಮನೆಯೇ ನನ್ನ ಮನೆ.

ಪ್ರತಿ ಮನೆಯ ಅಡುಗೆಮನೆಯಲ್ಲೂ ಒಂದು ಗುರಿಗೋಡೆ ಇರುತ್ತದೆ. ವರ್ಷದ ಮೊದಲ ದಿನ ಒಬ್ಬೊಬ್ಬರೂ ಅದರ ಮೇಲೆ ಸೀಮೆಸುಣ್ಣದಿಂದ ತಮ್ಮ ಗುರಿ ಬರೆಯುತ್ತಾರೆ. ದ್ಯಾಮಪ್ಪ 'ತಂಬಾಕು ಬಿಡುವುದು' ಎಂದು ಬರೆದ. ಹನ್ನೊಂದು ವರ್ಷದಿಂದ ಅವನು ಅದನ್ನೇ ಬರೆಯುತ್ತಿದ್ದಾನೆ. ಅತ್ತೆಗೆ ಕಣ್ಣು ಮಂಜು, ಅವಳ ಪರವಾಗಿ ನಾನು 'ನಲವತ್ತು ಮೆಟ್ಟಿಲು ಹತ್ತುವುದು' ಎಂದು ಬರೆದೆ. ನನ್ನದು 'ನೀರೋದು ಪರೀಕ್ಷೆ ಪಾಸಾಗುವುದು'. ಪ್ರತಿ ಓಣಿಯ ನೀರಿನ ತೊಟ್ಟಿಯನ್ನು ಅಳೆದು, ಇಂದು ಯಾರಿಗೆ ಎಷ್ಟು ಕೊಡ ಎಂದು ಕೊಳವೆಯಲ್ಲಿ ಸಾರುವವರನ್ನು ನೀರೋದುಗರು ಎನ್ನುತ್ತೇವೆ. ಎರಡು ಸಲ ಕೂತು ಎರಡು ಸಲವೂ ಕೆಡಿಸಿಕೊಂಡಿದ್ದೆ. ಐವತ್ತೈದು ತುಂಬಿದ ಮೇಲೆ ಕೂರಿಸುವುದಿಲ್ಲ. ನನಗೆ ಐವತ್ತನಾಲ್ಕು.

ಕಾಶವ್ವ ಕೊನೆಗೆ ಬರೆದಳು. ಅವಳು ಶಾಲೆ ಕಂಡದ್ದು ಮೂರು ವರ್ಷ, ದೀರ್ಘ ಹಾಕುವುದು ಎಂದೂ ಬರಲಿಲ್ಲ. ಅವಳ ಕೈಯಲ್ಲಿ ಕೋಳಿ ಕೊಳಿಯಾಗುತ್ತಿತ್ತು, ಮೇಕೆ ಮೆಕೆಯಾಗುತ್ತಿತ್ತು. ಹಿಂದೆ ನಿಂತು ತಿದ್ದುವುದು ಚಿಕ್ಕಂದಿನಿಂದ ನನ್ನ ಕೆಲಸ. ಅವತ್ತು ಅವಳು ಬರೆದದ್ದು 'ಅಕ್ಕನ ಕೂಡ ಹೊಳಿಗೆ'. ನಾನು ಅವಳ ಕೈಯಿಂದ ಸೀಮೆಸುಣ್ಣ ಕಸಿದು ದೀರ್ಘ ಎಳೆದೆ. ಅಕ್ಕನ ಕೂಡ ಹೋಳಿಗೆ. ಅವಳು ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅತ್ತೆ, "ಹೋಳಿಗಿ ಅಂದ್ರ ನನಗೂ ಎರಡು ಇಡ್ರವ್ವಾ, ನಾ ಏನ್ ಪಾಪ ಮಾಡೀನಿ" ಎಂದಳು. ಎಲ್ಲರೂ ನಕ್ಕೆವು. ಕಾಶವ್ವನೂ ನಕ್ಕಳು. "ಅಕ್ಕ ತಿದ್ದಿದ ಮ್ಯಾಲ ಮುಗೀತು. ಸರಕಾರದ ಠಸ್ಸೆ ಬಿದ್ದಂಗ" ಎಂದಳು.

ಗಾಳಿ ಬರುವ ಮೊದಲು ಆರು ವಾರ ಇದ್ದವು. ಎರಡು ಸಲ ಅವಳು ಕೇಳಿದಳು, "ಅಕ್ಕಾ, ಬಿಸಿಲು ಕಡಿಮಿ ಐತಿ, ಕೆಳಗ ಇಳದು ಬರೂಣೇನು?" ಎರಡು ಸಲವೂ ನಾನು, "ಓದೂದೈತಿ" ಎಂದೆ. "ನೀರಿನ ಪರೀಕ್ಷೆ ಬರಿತೀ, ನೀರಿನಾಗ ಕಾಲು ಇಡಂಗಿಲ್ಲ. ಎಂಥಾಕಿ ಮಾರಾಯ್ತಿ ನೀ" ಎಂದು ನಕ್ಕು ಹೋದಳು. ಅದು ಹಳೆಯ ಚೇಷ್ಟೆ. ನಾನು ಹನ್ನೆರಡು ವರ್ಷದವಳಿದ್ದಾಗ ಮಲಪ್ರಭೆ ಕೆಳಗಿನ ಊರನ್ನು ಎರಡನೇ ಸಲ ಒಯ್ದಿತು. ನಮ್ಮ ಮನೆಯೂ ಹೋಯಿತು, ಅವ್ವನ ಒಲೆಯೂ ಹೋಯಿತು. ಅವತ್ತು ನಾನು, ಇನ್ನು ಈ ಹೊಳೆಯ ಮುಖ ನೋಡುವುದಿಲ್ಲ ಎಂದೆ. ನೋಡಲಿಲ್ಲ. ಕಾಶವ್ವ ಮಾತ್ರ ಪ್ರತಿ ವರ್ಷ ಕುಂಡಗಳಿಗೆ ಮೆಕ್ಕಲು ಮಣ್ಣು ತರಲು ಇಳಿಯುತ್ತಿದ್ದಳು, ಬಂದು ಒದ್ದೆ ಪಾದವನ್ನು ಬೇಕೆಂದೇ ನನ್ನ ಹಾಸಿಗೆಯ ಮೇಲೆ ಇಡುತ್ತಿದ್ದಳು.

ಮಾರ್ಚ್ ಒಂಬತ್ತರಂದು ಪಡಸಾಲೆಯ ಸೀರೆ ಗಾಳಿಗೆ ಹರಿಯಿತು. ಇನ್ನೊಂದು ಕಟ್ಟುವವರೆಗೆ ಅವಳು ತನ್ನ ಸೆರಗನ್ನೇ ಹಿಡಿದು ಬಾಗಿಲಲ್ಲಿ ನಿಂತಳು. ಹನ್ನೆರಡು ದಿನ ಕೆಮ್ಮಿದಳು. ಇಪ್ಪತ್ತೊಂದರಂದು ಹೋದಳು. ಕುಂತ ವರ್ಷದಲ್ಲಿ ಮಣ್ಣು ಕೊಡಲು ನಾಲ್ವರಿಗಷ್ಟೇ ಅಪ್ಪಣೆ, ನಾಲ್ವರೂ ಗಂಡಸರು. ನಾನು ಒದ್ದೆ ಸೀರೆಯ ಹಿಂದೆ ನಿಂತು ಅವರ ಹೆಜ್ಜೆ ಸಪ್ಪಳ ಕೇಳಿದೆ. ಆ ದಿನದ ನನ್ನ ಪುಟದಲ್ಲಿ ಇರುವುದು ಇಷ್ಟೇ: 'ಇಂದು ಮೂರು ಸಲ ಸೀರೆ ಬದಲಿಸಿದೆ.'

ಸತ್ತವರ ಗುರಿಯನ್ನು ಅಳಿಸಬೇಕು, ಇಲ್ಲವೇ ಮನೆಯವರೊಬ್ಬರು ಎತ್ತಿಕೊಳ್ಳಬೇಕು. ಹನ್ನೊಂದನೇ ದಿನ ನಾನು ಗೋಡೆಯ ಮುಂದೆ ನಿಂತು, "ಆಕಿದು ನಾ ಎತ್ತಿಕೊಳ್ತೀನಿ" ಎಂದೆ. ದ್ಯಾಮಪ್ಪ ತಲೆಯಾಡಿಸಿದ. ಅದಾದ ಮೇಲೆ ನಾನು ಓದಿನ ಪುಸ್ತಕವನ್ನು ಕಟ್ಟಿಟ್ಟೆ. ತೊಟ್ಟಿಯ ಅಳತೆ ನೋಡಿದರೆ ಅಂಕಿಗಳು ಇರುವೆಗಳಂತೆ ಹರಿದಾಡುತ್ತಿದ್ದವು. ಮಾಡಬಹುದಾದದ್ದು ಒಂದೇ ಉಳಿದಿತ್ತು. ಈ ವರ್ಷ ಬೆಲ್ಲ ಮನೆಗೆ ತಿಂಗಳಿಗೊಂದು ಉಂಡೆ. ನನ್ನ ಪಾಲಿನದನ್ನು ಮುಟ್ಟದೆ ಮೂರು ತಿಂಗಳು ಕೂಡಿಟ್ಟೆ. ಕಡಲೆಬೇಳೆಗಾಗಿ ಆಚೆ ಮನೆಯವರಿಗೆ ನನ್ನ ಎರಡು ಸೀರೆ ಕೊಟ್ಟೆ. ನಡುಗೆರೆಯ ದಿನ ಹೋಳಿಗೆ ಮಾಡಿ, ಒಂದನ್ನು ಅವಳ ಅಕ್ಷರದ ಕೆಳಗೆ ಇಟ್ಟು, ಅಕ್ಕನ ಕೂಡ ಆಯಿತು ಎಂದು ಹೇಳುವುದು. ಪರೀಕ್ಷೆ ಹೋಗಲಿ, ಇದೊಂದಾದರೂ ಆಗಲಿ ಎಂದುಕೊಂಡೆ.

ಇಂದು ಬೆಳಿಗ್ಗೆ ಮಾಡಿದೆ. ಕೆಲಸ ಮಾಡಬಾರದ ದಿನ, ಅತ್ತೆ ಕೊಳವೆಯ ಬಾಯಿಗೆ ಬಟ್ಟೆ ತುರುಕಿ ಕಾವಲು ಕೂತಳು. ಹೂರಣ ಕಣಕದಿಂದ ಹೊರಗೆ ಬಂತು, ಆದರೂ ಒಂಬತ್ತು ಆದವು. ಒಂದನ್ನು ಗೋಡೆಯ ಕೆಳಗೆ ಇಟ್ಟೆ. ದ್ಯಾಮಪ್ಪ ಬಂದು ಅದನ್ನು ನೋಡಿದ, ನನ್ನನ್ನು ನೋಡಿದ.

"ಫಕೀರಕ್ಕ, ಇದೇನಿದು?"

"ಆಕಿ ಗುರಿ. ಎತ್ತಿಕೊಂಡಿದ್ನಲ್ಲಾ."

"ಆಕಿ ಹೋಳಿಗಿ ಯಾವಾಗ ತಿಂತಿದ್ಲು? ಬೆಲ್ಲ ಅಂದ್ರ ಹಲ್ಲು ಝುಂ ಅಂತಿದ್ವು ಆಕಿಗೆ." ಗೋಡೆಯ ಮೇಲೆ ಕೈ ಇಟ್ಟು ಮೆಲ್ಲಗೆ ಹೇಳಿದ, "ಆಕಿ ಬರದದ್ದು ಹೊಳಿ, ಅಕ್ಕಾ. ನಿನ್ನ ಕೂಡ ಹೊಳಿಗೆ ಹೋಗೂದು."

ಒಲೆಯ ಕಟ್ಟೆಯ ಮೇಲೆ ಕೂತೆ. ಇದನ್ನು ಅವಳೇ ನನಗೆ ಹೇಳಿರಬೇಕು ಎಂದುಕೊಂಡಿದ್ದನಂತೆ. ಅವನು ಉಳಿದದ್ದನ್ನೂ ಹೇಳಿದ. ಗೋಡೆಗೆ ಬರೆದ ಮರುದಿನವೇ ಅವಳು ಅವನ ಮುಂದೆ ನಗುತ್ತ ಹೇಳಿದ್ದಳಂತೆ: "ಇರ್ಲಿ ಬಿಡು. ಹೊಳಿ ಅಂದ್ರ ಅಕ್ಕಗ ಸಿಟ್ಟು. ಹೋಳಿಗಿ ಬುತ್ತಿ ಕಟ್ಟಿ ಆ ನೆಪದಾಗ ಇಳಿಸ್ತೀನಿ."

ಆಯಿ, ಜೀವಮಾನದಲ್ಲಿ ಒಮ್ಮೆ ಅವಳು ಸರಿಯಾಗಿ ಬರೆದಿದ್ದಳು. ಅದನ್ನೇ ನಾನು ತಿದ್ದಿದೆ.

ಅತ್ತೆ, "ಅಳೂದು ಅಳು. ಅದಕ್ಕ ಹೋಳಿಗಿ ಏನ್ ತಪ್ಪು ಮಾಡ್ಯಾವ? ತಣ್ಣಗಾಗ್ತಾವ ತಗೊಂಬಾ" ಎಂದಳು. ದ್ಯಾಮಪ್ಪ ನಾಲ್ಕು ತಿಂದ. ನಾನೂ ಒಂದು ತಿಂದೆ. ಚೆನ್ನಾಗಿರಲಿಲ್ಲ.

ಆಮೇಲೆ ನಿಮ್ಮ ದಿನಚರಿ ತೆರೆದು ಕೂತೆ. ಗೀಟು ಎಳೆದ ಆ ಮೂರು ಸಾಲುಗಳನ್ನಲ್ಲ, ಬೇರೆ ಪುಟಗಳನ್ನು ಓದಿದೆ. ಏಪ್ರಿಲ್ ಹನ್ನೆರಡು: 'ಬಸ್ಸಿಲ್ಲ. ಹಿತ್ತಲ ಬಾಗಿಲಿಂದ ಹೊಳೆಗೆ ಹೋಗಿ ಕಂಬಳಿ ಒಗೆದು ಬಂದೆವು.' ಮೇ ಮೂರು: 'ಅತ್ತೆಗೆ ಸಹಿ ಮಾಡಲು ಕಲಿಸಿದೆ. ಎರಡು ಅಕ್ಷರ ಬಂದವು.' ಮೇ ಇಪ್ಪತ್ತು: 'ಹೊಳೆಯಲ್ಲಿ ಕಾಲು ಇಳಿಬಿಟ್ಟು ಕುಂತಿದ್ದೆ. ಏನೂ ಕೆಲಸ ಆಗಲಿಲ್ಲ.' ನೀವು ಇವನ್ನು ಗುರಿ ಎಂದು ಬರೆದಿರಲಿಲ್ಲ, ಆದ್ದರಿಂದ ಲೆಕ್ಕಕ್ಕೆ ಹಿಡಿಯಲಿಲ್ಲ. ಹಿತ್ತಲ ಬಾಗಿಲು ತೆರೆದರೆ ಹೊಳೆ ಇದ್ದ ಮನೆಯಲ್ಲಿ ಕೂತು ಬರಬಾದಾತು ಎಂದು ಬರೆದಿರಿ. ದೂರುತ್ತಿಲ್ಲ, ಆಯಿ. ನಾನೂ ನಿಮ್ಮ ವಂಶದವಳೇ.

ದೀಪ ಹಚ್ಚುವ ಹೊತ್ತಾಯಿತು. ಗೋಡೆ ಓದಬೇಕು. ಎದ್ದು ಹೋಗುತ್ತೇನೆ.

ಓದಿ ಬಂದೆ. ಇನ್ನೂ ಪೂರ್ತಿ ಕತ್ತಲಾಗಿಲ್ಲ, ಸೀರೆಯ ಹಿಂದೆ ಬೆಳಕು ಕೆಂಪಗಿದೆ. ದ್ಯಾಮಪ್ಪ ತನ್ನ ಸಾಲನ್ನು ಉಳಿಸಿಕೊಂಡ. "ಹನ್ನೊಂದು ವರ್ಷದ ಗುರಿ, ಅಳಿಸಾಕ ಮನಸು ಬರವಲ್ದು" ಎಂದ. ಅತ್ತೆ ನಲವತ್ತನ್ನು ಹದಿನೈದು ಮಾಡಿಸಿದಳು. ನನ್ನ ಸರದಿಗೆ ನಾನು ಪರೀಕ್ಷೆಯನ್ನು ಅಳಿಸಲಿಲ್ಲ. ನಾಳೆಯಿಂದ ದಿನಕ್ಕೊಂದು ಪಾಠ ಓದುತ್ತೇನೆ, ಆದಷ್ಟು. ಡಿಸೆಂಬರಿಗೆ ಕೂರುತ್ತೇನೆ. ಆಗದಿದ್ದರೆ ತೊಟ್ಟಿಯ ನೀರು ಬೇರೆಯವರು ಓದಲಿ, ನಾನು ಕೇಳಿಸಿಕೊಳ್ಳುತ್ತೇನೆ. ಆಮೇಲೆ ಕಾಶವ್ವನ ಸಾಲಿನ ಮುಂದೆ ನಿಂತೆ. ಬೆರಳನ್ನು ನೀರಿನಲ್ಲಿ ಅದ್ದಿದೆ.

"ಏನ್ ಅಳಿಸಿದಿ?" ಎಂದಳು ಅತ್ತೆ.

"ದೀರ್ಘ, ಅತ್ತಿ."

"ಅಷ್ಟ?"

"ಅಷ್ಟ."

ಕೊಳವೆಯ ಬಾಯಿಂದ ಬಟ್ಟೆ ಕಿತ್ತು, ಊರಬಾಗಿಲು ತೆರೆದ ದಿನ ಮೊದಲು ಇಳಿಯುವವರ ಗುಂಪಿನಲ್ಲಿ ನನ್ನ ಹೆಸರು ಬರೆದುಕೊಳ್ಳಿ ಎಂದು ಕಾವಲಿನವರಿಗೆ ಹೇಳಿದೆ. ನವರಾತ್ರಿಯ ಹೊತ್ತಿಗೆ ಗಾಳಿ ತಣ್ಣಗಾಗಬಹುದು ಎನ್ನುತ್ತಾರೆ. ಆಚೆಯಿಂದ, "ಎಲ್ಲಿಗೆ ಅಂತ ಬರೀಲಿ?" ಎಂದು ಕೇಳಿದರು. ನಲವತ್ತೆರಡು ವರ್ಷದ ಮೇಲೆ ನನ್ನ ಬಾಯಿಂದ ಆ ಮಾತು ಬಂತು. ಬಿಡಿಸಿ ಹೇಳಿದೆ, ದೀರ್ಘ ಹಾಕಬೇಡಿ ಎಂದೂ ಹೇಳಿದೆ. ಹಿಂದಿನಿಂದ ಅತ್ತೆ, "ಬುತ್ತಿಗೆ ಹೋಳಿಗಿ ಇರಲಿ, ಈ ಸಲ ಛಲೋ ಮಾಡು" ಎಂದು ಕೂಗಿದಳು. ಅದನ್ನೂ ಬರೆದುಕೊಂಡರೋ ಏನೋ.

ಬೆಳಕು ಮುಗಿಯುತ್ತಾ ಬಂತು. ನಿಮ್ಮಲ್ಲಿ ಕೇಳುವುದು ಒಂದೇ. ಈ ಕಾಗದ ಹೇಗೋ ನಿಮ್ಮ ಕೈಗೆ ಸೇರಿದರೆ, ಆ ಗೀಟು ಎಳೆಯುವ ಮೊದಲು ಪೆನ್ನು ಕೆಳಗಿಡಿ. ಸ್ಕೂಟಿ ಮುಂದಿನ ವರ್ಷ ಕಲಿತರಾಯಿತು, ಬೆಳಗಾವಿ ಎಲ್ಲಿಗೂ ಓಡಿ ಹೋಗುವುದಿಲ್ಲ. ಯಾರಾದರೂ ಬಂದು, ಬಿಸಿಲು ಕಡಿಮೆ ಇದೆ, ಬರುತ್ತೀಯೇನು ಎಂದು ಕೇಳಿದರೆ, ಓದುವುದಿದೆ ಎನ್ನಬೇಡಿ. ಹಿತ್ತಲ ಬಾಗಿಲು ತೆರೆಯಿರಿ. ನೀರಿನಲ್ಲಿ ಕಾಲಿಟ್ಟು ಒಂದು ಗಳಿಗೆ ಕೂತುಕೊಳ್ಳಿ, ನನ್ನ ಪಾಲಿನದನ್ನೂ ಸೇರಿಸಿ. ಅದೇ ನೀರು ನನ್ನ ತನಕ ಬರುವುದಿಲ್ಲ ಎಂದು ಗೊತ್ತು. ಅದೇ ಹೊಳೆ ಬರುತ್ತದೆ. ನಾನು ಬಂದು ಅದರಲ್ಲಿ ಕಾಲಿಡುತ್ತೇನೆ, ಒದ್ದೆ ಪಾದದಲ್ಲೇ ಮನೆಗೆ ಹಿಂತಿರುಗಿ ಕಾಶವ್ವನ ಹಾಸಿಗೆಯ ಮೇಲೆ ಇಡುತ್ತೇನೆ.

ನಿಮ್ಮ
ಫಕೀರವ್ವ