ಮಾವ ಉಟ್ಟಿದ್ದ ಹರಿದ ಚಾಪೆ

ಶುಕ್ರವಾರ, ಆಗಸ್ಟ್ 9. ಹಾಪೈ ದ್ವೀಪ.

ಹಡಗಿನಿಂದ ಇಳಿದು ಇಡೀ ದಿನ ಕಳೆದರೂ ನೆಲ ತೂಗುತ್ತಲೇ ಇದೆ. ಮಗುವಿಗೂ ಹಾಗೇ ಅನ್ನಿಸುತ್ತಿರಬೇಕು. ತೊಟ್ಟಿಲಿಲ್ಲದೆಯೇ ನಿದ್ದೆ ಹೋಗಿದೆ.

ಅಮ್ಮ ಸತ್ತಾಗ ಹಾವಿಲಿ ಮಾವ ಸೊಂಟಕ್ಕೆ ಹರಿದ ದೊಡ್ಡ ಚಾಪೆ ಸುತ್ತಿಕೊಂಡು ಮೂರು ದಿನ ಹಿತ್ತಲಲ್ಲಿ ಬಂದವರಿಗೆಲ್ಲ ಅಡುಗೆ ಮಾಡುತ್ತ ಒಲೆಯ ಹೊಗೆ ಕುಡಿದಿದ್ದ. ನಮ್ಮಲ್ಲಿ ತಮ್ಮನಿಗಿಂತ ಅಕ್ಕ, ಅಕ್ಕನ ಮಕ್ಕಳು ಮೇಲು; ಅಕ್ಕನ ಸಾವಿಗೆ ತಮ್ಮ ಹಾಗೆಯೇ ತಗ್ಗಬೇಕು. ಆಮೇಲೆ ನನ್ನನ್ನು ಸಾಕಿದವನೂ ಅವನೇ. ಇವತ್ತು ಅವನ ಸಾವಿಗೆ ಅದೇ ಚಾಪೆ ಸುತ್ತಿಕೊಂಡು ಬಂದೆ.

ಅನಾಸೇನಿ ದೊಡ್ಡಮ್ಮ ಬಾಗಿಲಲ್ಲೇ ತಡೆದಳು. "ಏನೇ ಇದು ವೇಷ? ನೀನು ಅಕ್ಕನ ಮಗಳು ಕಣೇ. ನೀನು ತಗ್ಗಿದ್ರೆ ನಿಮ್ಮಮ್ಮನ್ನೇ ತಗ್ಗಿಸಿದ ಹಾಗೆ. ಬಿಚ್ಚು!"

"ಸಾಕಿದ್ದು ಅವನಲ್ವಾ, ದೊಡ್ಡಮ್ಮ?"

"ಸಾಕಿದ್ರೂ ಅವನು ನಿನಗಿಂತ ಕೆಳಗೇನೇ. ಅವನಿಗದೇ ಹೆಮ್ಮೆ. ಹೋಗು, ತಲೆ ಹತ್ರ ಕೂತ್ಕೋ."

ನವಿರಾದ ಬೇರೆ ಚಾಪೆ ಸುತ್ತಿಸಿಕೊಂಡು, ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಅವನ ತಲೆಯ ಬಳಿ ಕೂತೆ. ಕಿಟಕಿಯಾಚೆ ಅವನ ಮಗಳು ಲೋಸಾ ಜಡೆ ಬಿಚ್ಚಿ, ಹೊಗೆಯಲ್ಲಿ ಕಣ್ಣುಜ್ಜಿಕೊಳ್ಳುತ್ತ ಕೆಸುವಿನ ಗೆಡ್ಡೆ ಹೆರೆಯುತ್ತಿದ್ದಳು. ಅವಳನ್ನು ಕಂಡು ಹೊಟ್ಟೆಕಿಚ್ಚಾಯಿತು.

ಮಗು ಬಾಗಿ ಮಾವನ ಕೆನ್ನೆ ತಟ್ಟಿತು, ಬೆಳಿಗ್ಗೆ ನನ್ನನ್ನು ಎಬ್ಬಿಸುವ ಹಾಗೆ. ಯಾರೂ ತಡೆಯಲಿಲ್ಲ, ಅಕ್ಕನ ಮೊಮ್ಮಗುವಿಗೂ ಅವನನ್ನು ಮುಟ್ಟುವ ಅಧಿಕಾರವಿದೆ. ಇನ್ನೊಂದು ಸಲ ತಟ್ಟಿ, ಕಾದು, ನನ್ನ ಮುಖ ನೋಡಿತು.

ಈಗ ಒಳಗೆ ಎಲ್ಲರೂ ಹಾಡುತ್ತಿದ್ದಾರೆ. ಹಿಂದಿನ ಕೋಣೆಯಲ್ಲಿ ಆ ಹರಿದ ಚಾಪೆ ಹಾಸಿ ಮಗುವನ್ನು ಮಲಗಿಸಿದ್ದೇನೆ. ಹಳೆಯ ಹೊಗೆಯ ವಾಸನೆ ಇನ್ನೂ ಇದೆ. ದೀಪ ಆರಿಸಿ ಚಾಪೆಯ ಅಂಚನ್ನು ನನ್ನ ಮೇಲೂ ಎಳೆದುಕೊಳ್ಳುತ್ತೇನೆ. ಉಟ್ಟರೆ ತಾನೇ ತಪ್ಪು, ಹೊದ್ದರೆ ತಪ್ಪಲ್ಲವಲ್ಲ.