ಎಡಗಡೆಯ ಕೋಲುಗಳು

ಜನವರಿ 21, ಬುಧವಾರ

ನನ್ನ ಗುಬ್ಬಿ,

ಮೊದಲೇ ಹೇಳಿಬಿಡುತ್ತೇನೆ: ಎಲ್ಲರೂ ಬದುಕಿದ್ದೇವೆ, ಕೈಕಾಲು ನೆಟ್ಟಗಿವೆ. ನಿನ್ನ ಗಂಡ ಮನೆಯಲ್ಲೇ ಇದ್ದಾನೆ. ಇಷ್ಟು ಓದಿ ಒಮ್ಮೆ ಉಸಿರು ಬಿಡು, ಆಮೇಲೆ ಮುಂದಕ್ಕೆ ಓದು. ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಾನು ಅರ್ಧ ಹೇಳುವಷ್ಟರಲ್ಲಿ ನೀನು ಅಳುತ್ತೀಯ, ನೀನು ಅತ್ತರೆ ನಾನು ಸುಳ್ಳು ಹೇಳುತ್ತೇನೆ. ಚಿಕ್ಕಂದಿನಿಂದಲೂ ನಮ್ಮದು ಇದೇ ಕಥೆ. ನೀನು ಬಾಣಂತನ ಮಾಡಲು ಹೋಗಿರುವ, ಹೆತ್ತು ವಾರವಾಗದ ಮಗಳ ಎದುರು ಕೂತು ಓದಬೇಡ, ಅಡುಗೆಮನೆಗೆ ಹೋಗು.

ಭಾನುವಾರ ಬೆಳಿಗ್ಗೆ ಅವನು ನನ್ನ ಬಾಗಿಲಿಗೆ ಬಂದು, "ಅಕ್ಕಾ, ಒಬ್ಬಳೇ ಕೂತು ಏನು ಮಾಡ್ತೀಯ, ಬಾ" ಎಂದ. (ನಮ್ಮ ಬೀದಿಯಲ್ಲೇ ಚಡ್ಡಿ ಹಾಕಿಕೊಂಡು ಬೆಳೆದವನು, ತಂಗಿಯ ಗಂಡನಾಗಿ ಮೂವತ್ತು ವರ್ಷವಾದರೂ ನನ್ನ ಬಾಯಿಗೆ ಬಹುವಚನ ಬರುವುದಿಲ್ಲ.) ಎಲ್ಲಿಗೆ ಅಂತ ನಿನಗೆ ಗೊತ್ತೇ ಇದೆ. ಊರಾಚೆಯ ಹಳೇ ಕಲ್ಲುಗಣಿಗೆ. ತಿಂಗಳಿಗೊಮ್ಮೆ ಎಂಟು ಹತ್ತು ಜನ ಬೆಳೆದ ದೊಡ್ಡವರು ಸೇರಿ, ಮೊಣಕಾಲೆತ್ತರವೂ ಇಲ್ಲದ ರಿಮೋಟ್ ಟ್ರಕ್ಕುಗಳನ್ನು ಬಂಡೆ ಹತ್ತಿಸುತ್ತಾರಲ್ಲ, ಅದೇ. ವಾರವಿಡೀ ಬಸ್ಸು ಓಡಿಸಿದವನಿಗೆ ರಜಾ ದಿನವೂ ಸ್ಟೇರಿಂಗೇ ಬೇಕಾ ಎಂದು ನೀನು ಬೈಯುತ್ತಿದ್ದೆ.

ಚಳಿ ಎಂದರೆ ಹಲ್ಲು ಕಟಕಟ ಎನ್ನುವ ಚಳಿ. ಕಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಬೆಳ್ಳಗಾಗಿತ್ತು. ಚಳಿಗೆ ಬ್ಯಾಟರಿ ಬೇಗ ಸೋಲುತ್ತದಂತೆ. ಎರಡು ಬ್ಯಾಟರಿಗಳನ್ನು ನನ್ನ ಕೋಟಿನ ಒಳಜೇಬಿಗೆ ತುರುಕಿ, "ಕೋಳಿ ಥರ ಕಾವು ಕೊಡು" ಎಂದ. ನಾನೂ ನಕ್ಕೆ.

ಆಟ ಇಷ್ಟೇ: ಬಂಡೆಗಳ ನಡುವೆ ಅಲ್ಲಲ್ಲಿ ಬಣ್ಣದ ಕೋಲುಗಳನ್ನು ಜೋಡಿಜೋಡಿಯಾಗಿ ನೆಟ್ಟಿರುತ್ತಾರೆ. ಟ್ರಕ್ಕಿನ ಹಿಂದೆಯೇ ನಡೆಯುತ್ತಾ, ಯಾವ ಕೋಲಿಗೂ ತಾಗಿಸದೆ ಅದನ್ನು ದಾಟಿಸಬೇಕು. ಅವನ ಟ್ರಕ್ಕು ಮೊದಲ ಜೋಡಿಯಲ್ಲಿ ಎಡಗಡೆಯ ಕೋಲು ಬೀಳಿಸಿತು. ಎರಡನೆಯದರಲ್ಲೂ ಎಡಗಡೆಯದೇ. ಮೂರನೆಯದರಲ್ಲೂ. ಆ ಗುಂಪಿನಲ್ಲಿ ವೆಲ್ಡಿಂಗ್ ಕೆಲಸ ಮಾಡಿ ನಿವೃತ್ತಳಾದ ಒಬ್ಬಳಿದ್ದಾಳೆ, ವೆಲ್ಡರಜ್ಜಿ ಅಂತಲೇ ಕರೆಯುತ್ತಾರೆ. ಅವಳು, "ಎಡಗಡೆ ಕೋಲು ನಿನಗೇನು ಅನ್ಯಾಯ ಮಾಡಿತ್ತಪ್ಪಾ?" ಎಂದಳು. ಎಲ್ಲರೂ ನಕ್ಕರು.

ನನಗೆ ನಗು ಬರಲಿಲ್ಲ. ಹತ್ತೊಂಬತ್ತು ವರ್ಷದಿಂದ ಕಣ್ಣಾಸ್ಪತ್ರೆಯಲ್ಲಿ ಜನರ ನೋಟ ಅಳೆಯುತ್ತಿರುವವಳು ನಾನು. ಮೆಲ್ಲಗೆ ಅವನ ಎಡಕ್ಕೆ ಹೋಗಿ ನಿಂತು, ಕೈ ಚಾಚಿ ಬೆರಳಾಡಿಸಿದೆ. ತಿರುಗಲಿಲ್ಲ. ಇನ್ನೂ ಮುಂದಕ್ಕೆ ತಂದೆ. ಹೆಚ್ಚುಕಡಿಮೆ ಮೂಗಿನ ನೇರಕ್ಕೆ ಬರುವವರೆಗೂ ನನ್ನ ಕೈ ಅವನಿಗೆ ಕಾಣಲಿಲ್ಲ, ಗುಬ್ಬಿ. "ಏನಕ್ಕಾ, ಈ ಚಳೀಲೂ ನೊಣ ಓಡಿಸ್ತಿದ್ದೀಯಾ?" ಎಂದ.

ನಾನು ಬಾಯಿ ತೆರೆಯುವಷ್ಟರಲ್ಲಿ ಟ್ರಕ್ಕು ಜಾರಿ ಕೆಳಗಿನ ಮೆಟ್ಟಿಲಬಂಡೆಗೆ ಉರುಳಿತು. ತರುತ್ತೇನೆಂದು ಅವನು ಅಂಚಿನ ಕಾಲುದಾರಿ ಹಿಡಿದ. ಬಲಕ್ಕೆ ಕಲ್ಲಿನ ಗೋಡೆ. ಎಡಕ್ಕೆ ಏನೂ ಇಲ್ಲ. ಮೂರಾಳು ಕೆಳಗೆ ನೀರು ನಿಂತ ಗುಂಡಿ, ಅದರ ಮೇಲೆ ಮಂಜುಗಡ್ಡೆಯ ತೆಳು ಪದರ. ಮುಂದೆ ಒಂದು ಕಡೆ ದಾರಿಯ ಎಡಭಾಗವೇ ಕುಸಿದುಹೋಗಿತ್ತು. ಅವನು ಶಿಳ್ಳೆ ಹಾಕುತ್ತಾ ಅದರ ಕಡೆಗೇ ನಡೆಯುತ್ತಿದ್ದ. ಕೂಗಿದರೆ ಗಾಬರಿಯಾಗಿ ಎಡಕ್ಕೇ ಹೊರಳಿದರೆ? ಕಡೆಗೆ "ನಿಲ್ಲು! ಅಲ್ಲೇ ನಿಲ್ಲು!" ಎಂದು ಕಿರುಚಿದೆ.

ನಿಂತ. ಎಡಗಾಲಿನ ಅರ್ಧ ಪಾದ ಗಾಳಿಯಲ್ಲಿತ್ತು. ಕಲ್ಲೊಂದು ಬಿದ್ದು ಕೆಳಗೆ ಮಂಜುಗಡ್ಡೆ ಒಡೆದ ಸದ್ದು ಕೇಳಿತು. ವೆಲ್ಡರಜ್ಜಿ ಹಿಂದಿನಿಂದ ಹೋಗಿ ಕೋಟು ಹಿಡಿದು ಅವನನ್ನು ಗೋಡೆಗೆ ಎಳೆದುಕೊಂಡಳು. ಅವನು ಕೆಳಗೆ ನೋಡಿದ, ಆಮೇಲೆ ನನ್ನನ್ನು ನೋಡಿದ. ನನಗೆ ಗೊತ್ತಾಯಿತೆಂದು ಅವನಿಗೂ ಗೊತ್ತಾಯಿತು.

ಕಾರಿನ ಕೀ ಕೊಡು ಎಂದೆ. ಮರುಮಾತಿಲ್ಲದೆ ಕೊಟ್ಟ. ಅದಕ್ಕೇ ನನಗೆ ಇನ್ನೂ ಭಯವಾದದ್ದು. ನನ್ನ ಡ್ರೈವಿಂಗನ್ನು ಅವನು ಹೇಗೆ ಆಡಿಕೊಳ್ಳುತ್ತಿದ್ದ ಎಂದು ನಿನಗೆ ಗೊತ್ತಲ್ಲ. ಎರಡನೇ ಗೇರಿನಲ್ಲೇ ತೆವಳುತ್ತಾ ಬಂದೆ. ಎಷ್ಟು ದಿನದಿಂದ ಎಂದು ಕೇಳಿದೆ. ಏಳೆಂಟು ತಿಂಗಳು ಎಂದ. ಹೋದ ತಿಂಗಳು ಬಸ್ಸಿನ ಕನ್ನಡಿ ಒಡೆದದ್ದು ಕಂಬ ತಾಗಿ ಅಂತ ನಿನಗೆ ಹೇಳಿದ್ದನಲ್ಲ, ಅದು ಕಂಬವಲ್ಲ, ಸೈಕಲ್ಲಿನವನು. "ಎದ್ದು ನಿಂತು ಬಾಯಿಗೆ ಬಂದ ಹಾಗೆ ಬೈದ ಅಕ್ಕಾ. ಬೈಯೋಕೆ ಉಳಿದಿದ್ದಾನಲ್ಲ ಅಂತ ಕೈಮುಗಿದೆ" ಎಂದ.

ಮಾರನೇ ದಿನ ಬೆಳಿಗ್ಗೆ ಆರು ಕಾಲಿಗೆ ಅವನ ಡ್ಯೂಟಿ. ಕಾರ್ಖಾನೆಗೆ ಹೋಗುವವರೂ ಶಾಲೆಯ ಮಕ್ಕಳೂ ತುಂಬುವ ಬಸ್ಸು. ನಿವೃತ್ತಿಗೆ ಹದಿನಾಲ್ಕೇ ತಿಂಗಳು, ದಾರಿ ಬಾಯಿಪಾಠ ಆಗಿದೆ ಎಂದ. "ದಾರಿ ಬಾಯಿಪಾಠ ಆಗಿರಬಹುದು, ದಾರಿಗೆ ಅಡ್ಡ ಬರೋರು ಬಾಯಿಪಾಠ ಆಗ್ತಾರಾ?" ಎಂದೆ. ಮ್ಯಾನೇಜರಿಗೆ ನೀನೇ ಹೇಳು, ಇಲ್ಲದಿದ್ದರೆ ನಾನು ಡಿಪೋಗೆ ಬಂದು ಹೇಳುತ್ತೇನೆ ಎಂದೂ ಅವನಿಗೆ ಅಂದೆ. ಅವನು ಏನೋ ಹೇಳಲು ಬಾಯಿ ತೆರೆದು, ನನ್ನ ಮುಖ ನೋಡಿ, ಕಿಟಕಿ ಕಡೆ ತಿರುಗಿದ.

ಸೋಮವಾರ ಆರಕ್ಕೆ ಮೊದಲೇ ಡಿಪೋ ಗೇಟಿನಲ್ಲಿ ನಿಂತೆ. ಯೂನಿಫಾರಂ ಹಾಕಿಕೊಂಡು ಬಂದ. ನನ್ನನ್ನು ದಾಟಿ ಹೋದ. ಬಸ್ಸು ಹತ್ತಿದ, ಎಂಜಿನ್ ಶುರುವಾಯಿತು, ದೀಪ ಹತ್ತಿತು. ನಾನು ಓಡಿ ಹೋಗಿ ಎಡಗಡೆ ನಿಂತೆ. ಅಲ್ಲಿ ನಿಂತರೆ ಅವನಿಗೆ ಕಾಣುವುದೇ ಇಲ್ಲ ಎಂದು ಹೊಳೆಯಿತು. ಎದುರಿಗೆ ಬಂದು ನಿಂತೆ. ಕಂಡಕ್ಟರು ಪಕ್ಕಕ್ಕೆ ಬನ್ನಿ ಎಂದು ಕೂಗುತ್ತಿದ್ದ. ನಾನು ಸರಿಯಲಿಲ್ಲ.

ಎಷ್ಟು ಹೊತ್ತು ಹಾಗಿದ್ದೆವೋ. ಎಂಜಿನ್ ನಿಂತಿತು. ಇಳಿದು ಬಂದು, "ನಡಿ, ಒಟ್ಟಿಗೇ ಹೋಗೋಣ" ಎಂದ.

ಮ್ಯಾನೇಜರ ಮುಂದೆ ಎಲ್ಲವನ್ನೂ ಅವನೇ ಹೇಳಿದ. ಮತ್ತೆ ಸೆಪ್ಟೆಂಬರಿನ ಕಣ್ಣಿನ ಪರೀಕ್ಷೆಯಲ್ಲಿ ಹೇಗೆ ಪಾಸಾದೆ ಎಂದು ಅವರು ಕೇಳಿದರು. ಅಕ್ಷರದ ಪಟ್ಟಿ ಬಾಯಿಪಾಠ ಮಾಡಿ ಎಲ್ಲರಿಗೂ ಮೋಸ ಮಾಡಿದೆ ಎಂದ. ಅವರು ಅದನ್ನೆಲ್ಲ ಬರೆದುಕೊಂಡರು. ಕೊನೆಗೆ, ಇನ್ನು ಸ್ಟೇರಿಂಗ್ ಮುಟ್ಟುವ ಹಾಗಿಲ್ಲ, ವಿಚಾರಣೆ ಮುಗಿದ ಮೇಲೆ ಬಸ್ಸುಗಳ ವೇಳೆ ಬರೆದುಕೊಳ್ಳುವ ಕೆಲಸ ಕೊಡಬಹುದೇನೋ ನೋಡೋಣ ಎಂದರು.

ನಿನ್ನೆ ನಮ್ಮ ಡಾಕ್ಟರು ನೋಡಿದರು. ಕಣ್ಣಿನೊಳಗಿನ ಒತ್ತಡ ಏರಿ ನರ ಸವೆದಿದೆ. ಹೋದ ನೋಟ ಬರುವುದಿಲ್ಲ, ಉಳಿದದ್ದನ್ನು ಹನಿ ಹಾಕಿ ಕಾಯಬೇಕು. ಅವನಿಗೆ ನೀನು ಫೋನು ಮಾಡಿದರೆ ಬೈಯಬೇಡ. ಮೊಮ್ಮಗುವಿನ ವಿಷಯ ಮಾತಾಡು, ಉಳಿದದ್ದನ್ನು ಅವನೇ ಹೇಳಲಿ.

ನಿನ್ನ ಮುಖ ನೋಡದೆ ಬರೆಯುತ್ತಿರುವುದೇ ವಾಸಿ ಎಂದುಕೊಳ್ಳುತ್ತಿರುವ,
ನಿನ್ನ ಅಕ್ಕ

ವಿ.ಸೂ.: ಅವನು ಯಾವ ಪಟ್ಟಿಯನ್ನೂ ಬಾಯಿಪಾಠ ಮಾಡಿರಲಿಲ್ಲ. ಎದುರಿನ ಅಕ್ಷರ ಅವನಿಗೆ ಈಗಲೂ ಚೆನ್ನಾಗಿ ಕಾಣುತ್ತದೆ. ಸೆಪ್ಟೆಂಬರಿನ ಆ ಪರೀಕ್ಷೆ ನಡೆದದ್ದು ನಮ್ಮ ಆಸ್ಪತ್ರೆಯಲ್ಲೇ; ಪಕ್ಕದ ನೋಟ ಅಳೆಯುವ ಯಂತ್ರದ ಮುಂದೆ ಅವನನ್ನು ಹತ್ತು ನಿಮಿಷ ಕೂರಿಸಬೇಕಾದವಳು ನಾನು. ಸಾಲು ಉದ್ದವಿತ್ತು. ಅವನೂ ಹೊತ್ತಾಯಿತು ಎಂದ. ಮನೆಯವನು ತಾನೇ ಎಂದು ಕೂರಿಸದೆಯೇ 'ಸರಿಯಿದೆ' ಎಂದು ಬರೆದುಬಿಟ್ಟೆ. ಡಾಕ್ಟರು ನನ್ನನ್ನು ನಂಬಿ ಸಹಿ ಹಾಕಿದರು. ಮ್ಯಾನೇಜರ ಮುಂದೆ ಅವನು ನನಗಾಗಿ ಸುಳ್ಳು ಹೇಳುವಾಗ ಪಕ್ಕದಲ್ಲೇ ನಿಂತು ಸುಮ್ಮನಿದ್ದೆ. ನಾಲ್ಕು ತಿಂಗಳು ಮೊದಲು ಬಂದಿದ್ದರೆ ಇನ್ನಷ್ಟು ಉಳಿಯುತ್ತಿತ್ತು ಎಂದು ನಿನ್ನೆ ಡಾಕ್ಟರು ಹೇಳಿದಾಗಲೂ ಸುಮ್ಮನಿದ್ದೆ. ಈ ಕಾಗದವನ್ನು ಅಂಚೆಗೆ ಹಾಕಿ ನೇರ ಡಾಕ್ಟರ ಕೋಣೆಗೆ ಹೋಗಿ ಇದನ್ನು ಹೇಳುತ್ತೇನೆ. ನೀನು ಬಂದ ಮೇಲೆ ನನ್ನ ಬಾಗಿಲು ತಟ್ಟುವುದೂ ಬಿಡುವುದೂ ನಿನಗೆ ಬಿಟ್ಟದ್ದು. ಅಲ್ಲಿಯವರೆಗೆ ದಿನಾ ಎರಡು ಹೊತ್ತು ಹನಿ ಹಾಕಲು ನಾನೇ ಹೋಗುತ್ತೇನೆ. ತಲೆ ಹಿಂದಕ್ಕೆ ಚೆಲ್ಲಿ, ಕಣ್ಣು ಅಗಲಿಸಿ ಕೂರುತ್ತಾನೆ, ನನ್ನನ್ನು ನಂಬಿ.